ಸಲ್ವಾಟ್ ಅವರನ್ನು ಹುಡುಕಿಕೊಂಡು ಸಿಟ್ಜಸ್‌ಗೆ

ಬಾರ್ಸಿಲೋನಾಕ್ಕೆ ಹೋದವರೆಲ್ಲ ಗೌಡಿ ಎಂಬ ವಾಸ್ತುಶಿಲ್ಪಿ ಕಟ್ಟಿದ ಚರ್ಚು ನೋಡಿ ಬರುತ್ತಾರೆ. ನಾನೂ ನೋಡಿದೆ, ತುಂಬಾ ಇಷ್ಟವಾಯಿತು. ಆದರೆ ಐದು ದಿನದ ರಜೆಯಲ್ಲಿ ಎರಡು ದಿನವನ್ನು ಒಬ್ಬರಿಗಾಗಿ ಮೊದಲೇ ಎತ್ತಿಟ್ಟಿದ್ದೆ. ಅವರು ರಿಕಾರ್ಡ್ ಸಲ್ವಾಟ್. ನಾಟಕ ನಿರ್ದೇಶಕರು, ಮೇಷ್ಟ್ರು, ಒಂದು ದೊಡ್ಡ ನಾಟಕೋತ್ಸವವನ್ನು ವರ್ಷಗಟ್ಟಲೆ ನಡೆಸಿದವರು. 1934ರಲ್ಲಿ ಟೊರ್ಟೋಸಾ ಎಂಬ ಊರಲ್ಲಿ ಹುಟ್ಟಿ, 2009ರಲ್ಲಿ ಬಾರ್ಸಿಲೋನಾದಲ್ಲಿ ತೀರಿಕೊಂಡರು.

ನನಗೆ ಅವರ ಹೆಸರು ಸಿಕ್ಕಿದ್ದು ಜರ್ಮನ್ ನಾಟಕಕಾರ ಬ್ರೆಖ್ಟ್ ಮೂಲಕ. ಸೆಜುವಾನ್ ನಗರದ ಆ ಒಳ್ಳೆಯ ಹೆಂಗಸಿನ ನಾಟಕ ಇದೆಯಲ್ಲ, ಅದನ್ನು ನಾನು ಕನ್ನಡದಲ್ಲಿ ನೋಡಿದ್ದೆ, ನೋಡಿದ ಮೇಲೆ ಎಷ್ಟೋ ದಿನ ತಲೆಯಿಂದ ಹೋಗಿರಲಿಲ್ಲ. ಅದೇ ನಾಟಕವನ್ನು ಫ್ರಾಂಕೋ ಸರ್ವಾಧಿಕಾರದ ಕಾಲದಲ್ಲೇ ಸ್ಪೇನಿನ ರಂಗಕ್ಕೆ ತಂದವರು ಯಾರು ಅಂತ ಹುಡುಕಿದಾಗ ಸಿಕ್ಕವರು ಇವರು. ಮುಖ್ಯ ಪಾತ್ರದಲ್ಲಿ ನಟಿ ನೂರಿಯಾ ಎಸ್ಪರ್ಟ್.

ಮೊದಲ ದಿನ ಗ್ರಾನ್ ವಿಯಾ ರಸ್ತೆಗೆ ಹೋದೆ. ಅಲ್ಲಿ ಕೊಲಿಸಿಯಂ ಅಂತ ಒಂದು ಕಟ್ಟಡ. 1923ರಲ್ಲಿ ಸಿನಿಮಾ ಮಂದಿರವಾಗಿ ಶುರುವಾಗಿದ್ದು. ಮೇಲೆ ದಪ್ಪನೆಯ ಗುಮ್ಮಟ. ಎದುರಿನ ಫುಟ್‌ಪಾತಿನಲ್ಲಿ ನಿಂತು ಕತ್ತು ನೋಯುವಷ್ಟು ಹೊತ್ತು ಆ ಗುಮ್ಮಟವನ್ನೇ ನೋಡಿದೆ. ಯಾಕಂದ್ರೆ 1960ರಲ್ಲಿ ಸಲ್ವಾಟ್ ಮತ್ತು ಲೇಖಕಿ ಮರಿಯಾ ಔರೇಲಿಯಾ ಕಾಪ್ಮನಿ ಸೇರಿ ಆ ಗುಮ್ಮಟದೊಳಗೆ ಒಂದು ನಾಟಕ ಶಾಲೆ ಶುರು ಮಾಡಿದರು. ಹೆಸರು ಆದ್ರಿಯಾ ಗುಆಲ್ ನಾಟಕ ಶಾಲೆ. ಆಗ ಸಲ್ವಾಟ್‌ಗೆ ಇಪ್ಪತ್ತಾರು ವರ್ಷ. ಜರ್ಮನಿಯಲ್ಲಿ ಓದಿ ಬಂದಿದ್ದರು, ಬ್ರೆಖ್ಟ್‌ನ ದಾರಿಯನ್ನು ಅಲ್ಲಿ ಕಲಿತಿದ್ದರು. ಇಲ್ಲಿ ನೋಡಿದರೆ ಶಾಲೆಗಳಲ್ಲಿ ಬಾರ್ಸಿಲೋನಾ ಕಡೆಯವರ ಕಟಲಾನ್ ಭಾಷೆಯನ್ನೇ ಕಲಿಸುವ ಹಾಗಿಲ್ಲ, ಪ್ರತಿ ನಾಟಕದ ಸ್ಕ್ರಿಪ್ಟೂ ಸೆನ್ಸಾರಿನವರ ಮೇಜಿಗೆ ಹೋಗಿ ಬರಬೇಕು. ಅಂಥ ಕಾಲದಲ್ಲಿ ತಮ್ಮ ಭಾಷೆಯಲ್ಲೇ ನಟನೆ ಕಲಿಸಲು ಕೂತರು.

ಆ ಶಾಲೆಯಿಂದ ಬಂದ ನಾಟಕಗಳಲ್ಲಿ ಜಾಸ್ತಿ ಹೆಸರಾಗಿದ್ದು 1965ರ ‘ರೋಂಡ ದೆ ಮೋರ್ಟ್ ಆ ಸಿನೇರ’. ಸಲ್ವಾಡೊರ್ ಎಸ್ಪ್ರಿಯು ಅನ್ನುವ ಕವಿಯ ಪದ್ಯ, ಕಥೆ, ನಾಟಕದ ತುಣುಕುಗಳನ್ನೆಲ್ಲ ಹೆಣೆದು ಸಲ್ವಾಟ್ ಕಟ್ಟಿದ ನಾಟಕ. ಸಿನೇರ ಅಂದ್ರೆ ಯಾವ ಊರು ಗೊತ್ತಾ? ಕವಿ ಬಾಲ್ಯ ಕಳೆದ ಅರೆನ್ಸ್ ಊರಿನ ಹೆಸರನ್ನು ಹಿಂದುಮುಂದಾಗಿ ಬರೆದಿದ್ದು, ಅಷ್ಟೇ. ಸತ್ತುಹೋದ ಒಂದು ಪುಟ್ಟ ಊರಿನ ಕಥೆ ಅಂದುಕೊಂಡು ಕೂತ ಪ್ರೇಕ್ಷಕರಿಗೆ ಅದು ತಮ್ಮದೇ ನಾಡಿನ ಕಥೆ ಅಂತ ತಿಳಿಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ, ಸಲ್ವಾಟ್ ನಾಟಕೋತ್ಸವ ನಡೆಸಿದ ಸಮುದ್ರದಂಡೆಯ ಊರು ಸಿಟ್ಜಸ್‌ಗೆ ರೈಲು. ಸುಮಾರು ನಲವತ್ತು ನಿಮಿಷದ ದಾರಿ. ಗಾರಾಫ್ ಬೆಟ್ಟ ಬಂದ ಮೇಲೆ ಸುರಂಗ, ಸಮುದ್ರ, ಮತ್ತೆ ಸುರಂಗ, ಮತ್ತೆ ಸಮುದ್ರ. ಕತ್ತಲಿಂದ ಹೊರಬಂದಾಗಲೆಲ್ಲ ನೀಲಿ ನೀರು ಕಣ್ಣಿಗೆ ಹೊಡೆಯುತ್ತದೆ. ಫೆಬ್ರವರಿಯಾದ್ದರಿಂದ ಜನ ಕಡಿಮೆ, ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಸಿಟ್ಜಸ್ ಅಂದ್ರೆ ಈಗ ಎಲ್ಲರೂ ಅಕ್ಟೋಬರಿನ ಸಿನಿಮಾ ಉತ್ಸವದ ಮಾತಾಡುತ್ತಾರೆ. ಅದಕ್ಕಿಂತ ಒಂದು ವರ್ಷ ಮೊದಲು, 1967ರಲ್ಲೇ, ಇಲ್ಲಿ ನಾಟಕೋತ್ಸವ ಶುರುವಾಗಿತ್ತು. 2004ಕ್ಕೆ ನಿಂತೇಹೋಯಿತು. ಈ ಊರಿಗೆ ನಾಟಕದ ನಂಟು ಇನ್ನೂ ಹಳೆಯದು. 1893ರಲ್ಲಿ ಚಿತ್ರಕಾರ ಸಾಂಟಿಯಾಗೊ ರುಸಿಞೋಲ್ ಮತ್ತು ಗೆಳೆಯರು ಬೆಲ್ಜಿಯಂನ ನಾಟಕಕಾರ ಮೇಟರ್‌ಲಿಂಕ್‌ನ ನಾಟಕವೊಂದನ್ನು ಕಟಲಾನ್‌ನಲ್ಲಿ ಆಡಿದ್ದು ಇಲ್ಲೇ. ರುಸಿಞೋಲ್ ಮನೆ ಈಗ ಮ್ಯೂಸಿಯಂ. ಕಬ್ಬಿಣದ ಬೀಗ, ಚಿಲಕ, ದೀಪಗಳೇ ಗೋಡೆ ತುಂಬ. ಅಲ್ಲಿ ಒಂದು ಗಂಟೆ ಸುತ್ತಿ ಹೊರಗೆ ಬಂದೆ.

ಸಲ್ವಾಟ್ ಇಲ್ಲಿನ ನಾಟಕೋತ್ಸವದ ನಿರ್ದೇಶಕರಾಗಿದ್ದು 1977ರಿಂದ 1986ರವರೆಗೆ. ಫ್ರಾಂಕೋ ಸತ್ತು ಎರಡೇ ವರ್ಷ ಆಗಿತ್ತು. ಸರ್ವಾಧಿಕಾರ ಮುಗಿಯಿತು ಅಂತ ಜನ ಅಂದುಕೊಂಡರೂ ಭಯ ಪೂರ್ತಿ ಹೋಗಿರಲಿಲ್ಲ. ಅದೇ 1977ರ ಡಿಸೆಂಬರಿನಲ್ಲಿ ಎಲ್ಸ್ ಜೊಗ್ಲಾರ್ಸ್ ತಂಡದ ನಿರ್ದೇಶಕ ಆಲ್ಬರ್ಟ್ ಬೊಆಡೆಲ್ಲಾ ಅವರನ್ನು ಸೇನೆ ಬಂಧಿಸಿತು. ಕಾರಣ ಒಂದು ನಾಟಕ! ಇಂಥ ಹೊತ್ತಿನಲ್ಲಿ ಉತ್ಸವ ನಡೆಸುವುದು ಅಂದ್ರೆ ಬರೀ ಟೆಂಟು, ಟಿಕೆಟ್ಟಿನ ಕೆಲಸ ಅಲ್ಲ, ಅಲ್ವಾ?

ಮಧ್ಯಾಹ್ನ ಪ್ರಾಡೊ ಅನ್ನುವ ಹಳೆಯ ಸಂಘದ ರಂಗಮಂದಿರದ ಹತ್ತಿರ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತೆ. ಚಳಿಗಾಲದ ಅವರ ಸಲಾಡ್ ಶಾತೋ ತರಿಸಿದೆ. ಸ್ವಲ್ಪ ಕಹಿ ಇರುವ ಸುರುಳಿ ಸುರುಳಿ ಎಲೆ, ಅದರ ಮೇಲೆ ಉಪ್ಪುಮೀನು, ಆಲಿವ್. ಎಲ್ಲಕ್ಕೂ ಬಾದಾಮಿ, ಬೆಳ್ಳುಳ್ಳಿ, ಒಣಮೆಣಸು ಅರೆದ ಕೆಂಪು ಗೊಜ್ಜು. ನಮ್ಮ ಕಡೆಯ ಚಟ್ನಿಯ ಹಾಗೇ ತರಿತರಿ. ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು, ಎಂಬತ್ತರ ಹತ್ತಿರ ಇರಬೇಕು, ಎಲ್ಲಿಂದ ಬಂದಿರಿ ಅಂತ ಇಂಗ್ಲಿಷಿನಲ್ಲೇ ಕೇಳಿದರು. ಸಲ್ವಾಟ್ ಹೆಸರು ಹೇಳಿದೆ. ಫೋರ್ಕು ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ನಿಮಗೆ ಅವರು ಹೇಗೆ ಗೊತ್ತು?" ಅಂದರು. ಬ್ರೆಖ್ಟ್ ಅಂದೆ. "ಹಾಂ, ಅವರಿಗೆ ಬ್ರೆಖ್ಟ್ ಅಂದ್ರೆ ಪ್ರಾಣ," ಅಂತ ನಕ್ಕು, 1983ರ ಕಥೆ ತೆಗೆದರು.

ಆ ವರ್ಷ ಉತ್ಸವಕ್ಕೆ ಲಾ ಫುರಾ ದೆಲ್ಸ್ ಬಾಉಸ್ ಎಂಬ ಹುಡುಗರ ತಂಡ ಬಂತು. 1979ರಲ್ಲಿ ಶುರುವಾದ ತಂಡ, ಅಲ್ಲಿಯವರೆಗೆ ಬೀದಿ ನಾಟಕ ಮಾಡಿಕೊಂಡಿದ್ದವರು. ಇಲ್ಲಿ ಅವರು ‘ಅಕ್ಸಿಯೋನ್ಸ್’ ಆಡಿದರು. ಕೂರಲು ಕುರ್ಚಿ ಇಲ್ಲ, ವೇದಿಕೆ ಇಲ್ಲ. ಮೈಗೆಲ್ಲ ಮಣ್ಣು ಮೆತ್ತಿಕೊಂಡವರು ಜನರ ನಡುವೆ ನುಗ್ಗುತ್ತಾರೆ, ಸುತ್ತಿಗೆ ಹಿಡಿದು ಕಾರೊಂದನ್ನು ಜಜ್ಜಿ ಹಾಕುತ್ತಾರೆ, ಬಣ್ಣ ಎರಚುತ್ತಾರೆ. ಜನ ಆ ಕಡೆ ಈ ಕಡೆ ಓಡುತ್ತಾರೆ. ಮುಂದೆ ಪ್ರಪಂಚವೆಲ್ಲ ತಿರುಗಿದ, 1992ರ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಪಾಲ್ಗೊಂಡ ತಂಡ ಇದೇ.

ನನಗೆ ಸಲ್ವಾಟ್ ಮೇಲೆ ಗೌರವ ಜಾಸ್ತಿಯಾಗಿದ್ದು ಈ ಮಾತು ಕೇಳಿದಾಗ. ಅವರ ನಾಟಕ ಮಾತಿನ ನಾಟಕ. ಕವಿಯ ಒಂದೊಂದು ಸಾಲನ್ನೂ ಆರಿಸಿ ಪೋಣಿಸಿದವರು ಅವರು. ಮಾತೇ ಇಲ್ಲದ ಈ ಮಣ್ಣು, ಸುತ್ತಿಗೆಯ ನಾಟಕ ಅವರ ದಾರಿಗೆ ಪೂರಾ ಎದುರು. ಆದರೂ ಅವರು ನಡೆಸುತ್ತಿದ್ದ ಉತ್ಸವದಲ್ಲೇ ಅದಕ್ಕೆ ಜಾಗ ಸಿಕ್ಕಿತು. ತನ್ನ ಹಾಗೆ ಮಾಡುವವರನ್ನು ಕರೆಯುವುದು ಸುಲಭ. ಇದು ಕಷ್ಟ. ಅವರು ನಿರ್ದೇಶಿಸಿದ ನಾಟಕಗಳಷ್ಟೇ ದೊಡ್ಡ ಕೆಲಸ ಇದು ಅಂತ ನಾನು ನಂಬುತ್ತೇನೆ.

ಅವತ್ತು ನೀವು ಅಲ್ಲಿದ್ರಾ ಅಂತ ಕೇಳಿದೆ. ಹಿರಿಯರು ತಮ್ಮ ಎಡ ತೋಳನ್ನು ಮೊಣಕೈಯಿಂದ ಹೆಗಲವರೆಗೆ ಸವರಿ ತೋರಿಸಿದರು. "ಇಲ್ಲಿಂದ ಇಲ್ಲಿವರೆಗೆ ಬಣ್ಣ. ಹೊಸ ಕೋಟು. ಹೆಂಡತಿ ಮೂರು ಸಲ ಒಗೆದಳು, ಹೋಗಲಿಲ್ಲ."

ಮೊಮ್ಮಗಳ ಶಾಲೆ ಬಿಡುವ ಹೊತ್ತಾಯಿತು ಅಂತ ಎದ್ದರು. ಬಾಗಿಲ ತನಕ ಹೋದವರು ವಾಪಸ್ ಬಂದು, ನನ್ನ ನೋಟ್‌ಬುಕ್ ಕೇಳಿ ತಗೊಂಡು, ನಾನು ತಪ್ಪಾಗಿ ಬರೆದುಕೊಂಡಿದ್ದ ‘ಸಿನೇರ’ದ ಕಾಗುಣಿತ ತಿದ್ದಿ ಕೊಟ್ಟು ಹೋದರು.