ಫೈಬರ್ ಏಣಿ ಇದೆಯಲ್ಲ ಏನೂ ಆಗಲ್ಲ ಅನ್ನೋ ಧೈರ್ಯದ ಬಗ್ಗೆ

ಹೋದ ವಾರ ನಮ್ ಜೊತೆ ಕೆಲ್ಸ ಕಲೀತಿರೋ ಹುಡುಗ ಫ್ಯಾನ್ ಬಿಚ್ಚಿ ಕೆಳಗೆ ಇಳಿದವ್ನು ಅಂಗೈನ ಪ್ಯಾಂಟಿಗೆ ಉಜ್ಜೋಕೆ ಶುರು ಮಾಡ್ದ. ಏನಾಯ್ತೋ ಅಂದ್ರೆ ತುರಿಕೆ ಅಣ್ಣ ಅಂದ. ಕೈ ಹಿಡ್ಕೊಂಡು ಬೆಳಕಿಗೆ ತಿರುಗಿಸಿ ನೋಡಿದ್ರೆ ಅಂಗೈ ತುಂಬಾ ಕೂದಲಿಗಿಂತ ಸಣ್ಣ ಬಿಳಿ ಎಳೆ ಚುಚ್ಕೊಂಡಿದೆ, ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಮಿಂಚ್ತವೆ. ಉಜ್ಜಬೇಡ ಒಳಗೆ ಹೋಗತ್ತೆ ಅಂತ ಹೇಳಿ ಇನ್ಸುಲೇಷನ್ ಟೇಪ್ ಅಂಟಿಸಿ ಅಂಟಿಸಿ ಕಿತ್ವಿ, ಒಂದಷ್ಟು ಬಂತು, ಉಳಿದಿದ್ದು ಎರಡು ದಿನ ಕಾಡ್ತಂತೆ.

ಆಮೇಲೆ ಏಣಿ ನೋಡೋಕೆ ಹೋದೆ. ತಂದ ಹೊಸದರಲ್ಲಿ ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣ ಇತ್ತು, ಗಾಜಿನ ಥರ ನುಣ್ಣಗಿತ್ತು. ಈಗ ಬಿಸಿಲು ಬೀಳೋ ಕಡೆಯ ಸೈಡ್ ರೈಲ್, ಅಂದ್ರೆ ಮೆಟ್ಟಿಲು ಕೂರಿಸಿರೋ ಪಕ್ಕದ ಉದ್ದ ಕಂಬ, ಪೂರ್ತಿ ಮಾಸಿ ಹೋಗಿದೆ, ಬೆರಳು ಎಳೆದ್ರೆ ಬಿಳಿ ಪುಡಿ ಅಂಟತ್ತೆ, ಟಾರ್ಚ್ ಅಡ್ಡಡ್ಡ ಹಿಡಿದು ನೋಡಿದ್ರೆ ಉದ್ದಕ್ಕೂ ಗಾಜಿನ ಎಳೆಗಳು ಹಳೇ ಹಗ್ಗದ ನಾರಿನ ಥರ ಎದ್ದು ನಿಂತಿವೆ. ದಿನಾ ಹತ್ತಿ ಇಳೀತಿದ್ದ ಏಣಿ ಇದು, ಇಷ್ಟು ದಿನ ಗಮನಿಸಿರ್ಲಿಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು ತಂತು, ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದ್ಲು ಒಂದು ಮಾತು, ನಾನು ಫೈಬರ್ ಏಣಿ ಬೇಡ ಅಂತಿಲ್ಲ. ಕರೆಂಟ್ ಕೆಲಸಕ್ಕೆ ಅಲ್ಯೂಮಿನಿಯಂ ಏಣಿ ತರೋನಿಗೆ ಅದನ್ನ ವಾಪಸ್ ಇಟ್ಟು ಬಾ ಅನ್ನೋನು ನಾನು. ಶುದ್ಧ ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡ 60ರಷ್ಟು ಕರೆಂಟ್ ಹರಿಸತ್ತೆ, ಏಣಿಗೆ ಹಾಕೋ ಮಿಶ್ರಲೋಹ ಅದಕ್ಕಿಂತ ಕಮ್ಮಿ ಆದ್ರೂ ಚೆನ್ನಾಗೇ ಹರಿಸತ್ತೆ, ಅಂದ್ರೆ ಆ ಏಣಿ ಮೇಲೆ ನಿಂತ್ಕೊಂಡು ವೈರ್ ಮುಟ್ಟೋದೂ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟೋದೂ ಬಹಳ ದೂರದ ಮಾತಲ್ಲ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ ನೇರವಾಗೇ ಬರೆದಿದಾರೆ, ತೆರೆದ ಲೈವ್ (ಕರೆಂಟ್ ಇರೋ) ಭಾಗಕ್ಕೆ ಕೆಲಸಗಾರನೋ ಏಣಿಯೋ ತಾಗೋ ಸಾಧ್ಯತೆ ಇದ್ರೆ ಏಣಿಯ ಸೈಡ್ ರೈಲ್ ಕರೆಂಟ್ ಹರಿಸದ ವಸ್ತುವಿಂದೇ ಆಗಿರ್ಬೇಕು ಅಂತ. ಸೈಡ್ ರೈಲ್ ಅನ್ನೋ ಪದ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನನ್ನ ತಕರಾರು ಏನಂದ್ರೆ ಫೈಬರ್ ಏಣಿ ತಗೊಂಡ ದಿನದಿಂದ ಅದು ಇನ್ಸುಲೇಟರ್ (ಕರೆಂಟ್ ಹರಿಸದ ವಸ್ತು), ಸಾಯೋವರೆಗೂ ಇನ್ಸುಲೇಟರ್ ಅಂತ ಜನ ಅಂದ್ಕೋತಾರೆ. ಹಾಗಿಲ್ಲ. ಗಾಜಿನ ಎಳೆಗಳನ್ನ ಪಾಲಿಯೆಸ್ಟರ್ ಥರದ ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನ ಮೂಲಕ ಎಳೆದು ಈ ರೈಲ್ ಮಾಡ್ತಾರೆ. ಗಟ್ಟಿತನ ಕೊಡೋದು ಎಳೆ, ಎಳೆಯನ್ನ ಹಿಡಿದಿಟ್ಟು ನೀರು ಒಳಗೆ ಹೋಗದಂಗೆ ಮುಚ್ಚೋದು ರಾಳ. ಬಿಸಿಲಿನ ಅಲ್ಟ್ರಾವಯಲೆಟ್ ಹೊಡೆತಕ್ಕೆ ಮೊದ್ಲು ಸಾಯೋದು ಈ ರಾಳಾನೇ. ಮೇಲಿನ ಪದರ ಪುಡಿಯಾಗಿ ಉದುರಿ ಹೋದ ಮೇಲೆ ಎಳೆ ಬರಿ ಮೈಯಲ್ಲಿ ನಿಲ್ಲತ್ತೆ, ಹುಡುಗನ ಅಂಗೈಗೆ ಚುಚ್ಚಿದ್ದು ಅದೇ.

ತುರಿಕೆ ಚಿಕ್ಕ ವಿಷ್ಯ. ಎಳೆ ಎದ್ದ ಮೇಲೆ ಆ ರೈಲು ನುಣ್ಣಗಿರಲ್ಲ, ಸಂದಿ ಸಂದಿಯಲ್ಲಿ ಧೂಳು, ಸಿಮೆಂಟು, ಗ್ರೀಸು, ಕೈ ಬೆವರು ಎಲ್ಲಾ ಕೂರತ್ತೆ, ಬೆವರಲ್ಲಿ ಉಪ್ಪಿದೆ. ಒಣಗಿದ್ದಾಗ ಪರವಾಗಿಲ್ಲ ಅನ್ಸತ್ತೆ ಆದ್ರೆ ಮಂಜು ಬಿದ್ರೆ, ಮಳೆ ಹನಿ ಬಿದ್ರೆ, ಆ ಕೊಳೆ ತೇವ ಆಗಿ ಮೇಲಿಂದ ಕೆಳಗಿನ ತನಕ ಕರೆಂಟ್ ಹರಿಯೋಕೆ ದಾರಿ ಆಗತ್ತೆ. ಗಾಜು ಇನ್ಸುಲೇಟರ್ರೇ, ಅದರ ಮೇಲಿನ ಒದ್ದೆ ಕೊಳೆ ಅಲ್ಲ. ಎಷ್ಟು ಕರೆಂಟ್ ಹರಿದೀತು ಬಿಡಿ ಅಂತ ಕೇಳ್ತಾರೆ. 1 ಮಿಲಿ ಆಂಪಿಯರ್ ಹೊತ್ತಿಗೆ ಚುರುಕ್ ಅನ್ನತ್ತೆ, 10ರ ಹತ್ತಿರ ಬಂದ್ರೆ ಸ್ನಾಯು ಬಿಗಿದು ಹಿಡಿದಿದ್ದನ್ನ ಬಿಡೋಕೆ ಆಗ್ದೇ ಹೋಗ್ಬೋದು. ನೆಲದ ಮೇಲೆ ಚುರುಕ್ ಅಂದ್ರೆ ಕೈ ಒದರ್ಕೊಂಡು ಮುಂದೆ ಹೋಗ್ತೀವಿ. 10 ಅಡಿ ಮೇಲೆ ಅದೇ ಚುರುಕ್‌ಗೆ ಬೆಚ್ಚಿ ಕಾಲು ಜಾರಿದ್ರೆ ಕೊಲ್ಲೋದು ಕರೆಂಟ್ ಅಲ್ಲ, ನೆಲ.

ಇನ್ನು ಸೈಡ್ ರೈಲ್ ವಿಷ್ಯ. ನಿಮ್ಮ ಏಣಿ ಫೈಬರ್ ಅಂದ್ರಲ್ಲ, ಮೆಟ್ಟಿಲು ಯಾವುದರದ್ದು ಅಂತ ನೋಡಿದೀರಾ? ಬಹುತೇಕ ಏಣಿಗಳಲ್ಲಿ ಮೆಟ್ಟಿಲು ಅಲ್ಯೂಮಿನಿಯಂದೇ. ರಿವೆಟ್, ಅಗಲಿಸಿದಾಗ ಹಿಡಿಯೋ ಪಟ್ಟಿ, ಎಕ್ಸ್‌ಟೆನ್ಷನ್ ಏಣಿಯ ಲಾಕು, ರಾಟೆ ಎಲ್ಲಾ ಲೋಹ. ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಫೈಬರ್ ಇರೋದ್ರಿಂದ ಕರೆಂಟ್ ನೆಲಕ್ಕೆ ಇಳಿಯಲ್ಲ ಅನ್ನೋದು ಲೆಕ್ಕ, ಲೆಕ್ಕ ಸರಿಯಾಗೇ ಇದೆ, ಆದ್ರೆ ಸಿಪ್ಪೆ ಸುಲಿದ ಒಂದು ವೈರ್ ಮೇಲಿನ ಮೆಟ್ಟಿಲಿಗೆ ತಾಗಿದ್ರೆ ಆ ಇಡೀ ಮೆಟ್ಟಿಲು ಲೈವ್, ನೀವು ಅದಕ್ಕೆ ಮೊಣಕಾಲು ಆನಿಸಿ ನಿಂತಿರ್ತೀರ. ಆಮೇಲೆ ನಾವೇ ಮಾಡೋ ಕೆಲ್ಸ, ಡ್ರಿಲ್ಲಿನ ಕೇಬಲ್ ರೈಲಿಗೆ ಸುತ್ತೋದು, ತಗಡಿನ ಬಕೆಟ್ ನೇತಾಕೋದು, ಹಗ್ಗದ ಬದಲು ಬೈಂಡಿಂಗ್ ವೈರ್‌ನಲ್ಲಿ ಏಣಿ ಕಟ್ಟೋದು. ಉದ್ದಕ್ಕೂ ವೈರ್ ಕಟ್ಟಿದ ಫೈಬರ್ ಏಣಿ ಲೋಹದ ಏಣಿಗೆ ಸಮ. ಮೆಟ್ಟಿಲೂ ಫೈಬರ್‌ದೇ ಇರೋ ಏಣಿ ಸಿಗತ್ತೆ, ಲೈವ್ ಲೈನ್ ಕೆಲಸಕ್ಕೆ ಅಂತಾನೇ ಐಇಸಿ 61478 ಅನ್ನೋ ಬೇರೆ ಅಂತಾರಾಷ್ಟ್ರೀಯ ಮಾನದಂಡ ಇದೆ. ಕಿತ್ತಳೆ ಬಣ್ಣ ಇದ್ದ ಮಾತ್ರಕ್ಕೆ ಎಲ್ಲಾ ಏಣಿ ಆ ಟೆಸ್ಟ್ ಪಾಸಾಗಿರಲ್ಲ, ರೈಲಿನ ಮೇಲಿರೋ ಲೇಬಲ್ ಓದಿ.

ನನಗೆ ಏಣಿ ಮೇಲೇನೇ ಒಂದ್ಸಲ ಜೋರಾಗಿ ಹೊಡೆದಿದೆ, ಅವತ್ತಿದ್ದಿದ್ದು ಹೊಚ್ಚ ಹೊಸಾ ಫೈಬರ್ ಏಣಿ, ಒಣ ನೆಲ, ರಬ್ಬರ್ ಸೋಲ್ ಶೂ. ಫಾಲ್ಸ್ ಸೀಲಿಂಗ್ ಒಳಗೆ ಲೈಟ್ ಜಾಯಿಂಟ್ ಬಿಚ್ಬೇಕಿತ್ತು, ಆ ಲೈಟಿನ ಎಂಸಿಬಿ (ಬೋರ್ಡಿನಲ್ಲಿರೋ ಆ ಸರ್ಕ್ಯೂಟಿನ ಸ್ವಿಚ್) ಇಳಿಸಿದ್ದೆ, ಟೆಸ್ಟರ್ ಇಟ್ಟು ನೋಡ್ದೆ, ಬೆಳಗಲಿಲ್ಲ. ಎಡಗೈಲಿ ಸೀಲಿಂಗಿನ ಲೋಹದ ಚಾನೆಲ್ ಹಿಡ್ಕೊಂಡು ಬಲಗೈಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಗಂಟು ಬಿಚ್ದೆ. ಆ ನ್ಯೂಟ್ರಲ್‌ನ ಯಾರೋ ಪಕ್ಕದ ರೂಮಿನ ಸರ್ಕ್ಯೂಟ್‌ಗೂ ಸೇರಿಸಿಟ್ಟಿದ್ರು, ಅಲ್ಲಿ ಲೈಟ್ ಉರೀತಾ ಇತ್ತು. ಗಂಟು ಬಿಡಿಸೋವರೆಗೂ ಆ ನ್ಯೂಟ್ರಲ್ ಸುಮ್ನಿತ್ತು, ಬಿಡಿಸಿದ ಕ್ಷಣ ಪಕ್ಕದ ರೂಮಿನ ಲೈಟ್ ಮೂಲಕ ಬಂದ ಫೇಸ್ ನನ್ನ ಬೆರಳಲ್ಲಿತ್ತು, ಇನ್ನೊಂದು ಕೈಲಿ ಅರ್ಥ್ ಆಗಿದ್ದ, ಅಂದ್ರೆ ನೆಲಕ್ಕೆ ಸಂಪರ್ಕ ಇದ್ದ ಚಾನೆಲ್. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆ ಮೂಲಕಾನೇ. ಹಿಂದಕ್ಕೆ ಎಸೆದಂಗಾಗಿ ಮೊಣಕಾಲು ಮೆಟ್ಟಿಲ ಸಂದಿಗೆ ಸಿಕ್ಕಿ ಉಳ್ಕೊಂಡೆ, ಇಲ್ಲಾಂದ್ರೆ ಇಷ್ಟೆಲ್ಲ ಬರೀತಾ ಇರ್ತಿರ್ಲಿಲ್ಲ. ಅಲ್ಲಿ ಆರ್‌ಸಿಸಿಬಿ (ನೆಲಕ್ಕೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇರ್ಲಿಲ್ಲ, ಇದ್ದಿದ್ರೆ ಸೋರಿಕೆ 30 ಮಿಲಿ ಆಂಪಿಯರ್ ದಾಟೋಷ್ಟರಲ್ಲಿ ಟ್ರಿಪ್ ಆಗಿರೋದು.

ಏಣಿ ತಪ್ಪೇನೂ ಇಲ್ಲ ಅದರಲ್ಲಿ. ಏಣಿ ನಮ್ಮನ್ನ ನೆಲದಿಂದ ಬೇರೆ ಮಾಡತ್ತೆ, ಅಷ್ಟೇ ಅದರ ಕೆಲ್ಸ. ಮೇಲೆ ಕೈಗೆ ಸಿಗೋ ಅರ್ಥ್ ಆಗಿರೋ ಪೈಪು, ಚಾನೆಲ್ಲು, ಎಸಿ ಡಕ್ಟು ಇವ್ಯಾವುದರಿಂದಾನೂ ಬೇರೆ ಮಾಡಲ್ಲ. ಒಂದು ಕೈ ಫೇಸ್‌ಗೂ ಒಂದು ಕೈ ನ್ಯೂಟ್ರಲ್‌ಗೂ ತಾಗಿದ್ರಂತೂ ಇನ್ನೂ ಕಷ್ಟ, ಒಳ್ಳೆ ಏಣಿ ಮೇಲೆ ನಿಂತಿದ್ರೆ ನೆಲಕ್ಕೆ ಸೋರಿಕೆನೇ ಇರಲ್ಲ, ಆರ್‌ಸಿಸಿಬಿಗೆ ನಾವೂ ಒಂದು ಬಲ್ಬ್ ಥರಾನೇ ಕಾಣ್ತೀವಿ, ಅದು ಟ್ರಿಪ್ ಆಗಲ್ಲ. ಅದಕ್ಕೇ ಈಗ ಮೇನ್ ಇಳಿಸದೆ ನಾನು ಜಾಯಿಂಟ್ ಬಿಚ್ಚಲ್ಲ, ಮನೆಯೋರು ಫ್ರಿಜ್ ಆಫ್ ಆಗತ್ತೆ ಅಂತ ಮುಖ ಗಂಟು ಹಾಕ್ಕೊಂಡ್ರೂ ಪರವಾಗಿಲ್ಲ.

ತೂಕದ ಬಗ್ಗೆ ಎಲ್ರೂ ಗೊಣಗ್ತಾರೆ, ನಾನೂ ಗೊಣಗ್ತೀನಿ. 6 ಅಡಿ ಮಡಚೋ ಏಣಿ ಅಲ್ಯೂಮಿನಿಯಂದು ಸುಮಾರು 6 ಕೆಜಿ ಇದ್ರೆ ಫೈಬರ್‌ದು ಸುಮಾರು 9 ಕೆಜಿ ಬರತ್ತೆ, ಉದ್ದ ಎಕ್ಸ್‌ಟೆನ್ಷನ್ ಏಣಿ ಆದ್ರೆ ಒಬ್ನೇ ಎತ್ತಿ ನಿಲ್ಸೋದು ಬೆನ್ನಿಗೆ ಕೇಡು. ಭಾರ ಅನ್ನೋದು ಬರೀ ಬೆನ್ನುನೋವಿನ ಪ್ರಶ್ನೆ ಅಲ್ಲ, ಭಾರ ಇದೆ ಅಂತ ಏಣಿ ಜರುಗಿಸೋಕೆ ಸೋಮಾರಿತನ ಮಾಡಿ ಮೇಲಿಂದಾನೇ ಪಕ್ಕಕ್ಕೆ ಬಾಗಿ ಕೈ ಚಾಚ್ತೀವಿ, ಬೀಳೋದು ಅಲ್ಲೇ. ಕೆಲವ್ರು ಇದೇ ಕಾರಣಕ್ಕೆ ಚಿಕ್ಕ ಕೆಲ್ಸ ಅಲ್ವಾ ಅಂತ ಅಲ್ಯೂಮಿನಿಯಂ ತಗೊಂಡು ಹೋಗ್ತಾರೆ, ಅದೊಂದು ಮಾತ್ರ ಬೇಡ, ಇಬ್ರು ಹೋಗಿ.

ಪೆಟ್ಟು ತಗೊಳ್ಳೋ ರೀತಿನೂ ಬೇರೆ. ಅಲ್ಯೂಮಿನಿಯಂ ಗಾಡಿಯಿಂದ ಬಿದ್ರೆ ಬಾಗತ್ತೆ, ನೆಗ್ಗತ್ತೆ, ಕಣ್ಣಿಗೆ ಕಾಣತ್ತೆ. ಫೈಬರ್ ಬಾಗಿ ಮತ್ತೆ ನೆಟ್ಟಗೆ ನಿಲ್ಲತ್ತೆ, ಒಳಗೆ ಪದರ ಬಿಟ್ಕೊಂಡಿರತ್ತೆ, ಹೊರಗೆ ಒಂದು ಸಣ್ಣ ಬಿಳಿ ಕಲೆ ಇದ್ರೆ ಉಂಟು ಇಲ್ದಿದ್ರೆ ಇಲ್ಲ. ನಾನು ನಾಣ್ಯ ತಗೊಂಡು ರೈಲಿನ ಉದ್ದಕ್ಕೂ ತಟ್ಕೊಂಡು ಹೋಗ್ತೀನಿ. ಚೆನ್ನಾಗಿರೋ ಕಡೆ ಟಣ್ ಟಣ್ ಅಂತ ಒಂದೇ ದನಿ ಬರತ್ತೆ, ಪದರ ಬಿಟ್ಟ ಕಡೆ ಡಬ್ ಅಂತ ಸತ್ತ ಸದ್ದು. ಮೆಟ್ಟಿಲು ಸೇರೋ ಜಾಗ, ರಿವೆಟ್ ಸುತ್ತ, ಕೆಳಗಿನ ಪಾದದ ಹತ್ರ ಜಾಸ್ತಿ ಹೊತ್ತು ನೋಡಿ. ಬಿರುಕು ಕಂಡ್ರೆ ಎಂ-ಸೀಲ್ ಹಚ್ಚೋದು, ಪಟ್ಟಿ ಕಟ್ಟೋದು ಎಲ್ಲಾ ಬೇಡ, ಆ ಏಣಿ ಮುಗೀತು.

ಮರದ ಏಣಿ ಒಣಗಿದ್ರೆ ಇನ್ಸುಲೇಟರ್ರೇ, ತೇವ ಹೀರಿದ್ರೆ ಅಲ್ಲ, ಒದ್ದೆ ಆಯ್ತೋ ಇಲ್ವೋ ಅಂತ ಮುಟ್ಟಿ ಹೇಳೋದೂ ಕಷ್ಟ, ನಾನು ಬಿಟ್ಟುಬಿಟ್ಟೆ. ಮರಕ್ಕಾಗ್ಲಿ ಫೈಬರ್‌ಗಾಗ್ಲಿ ಪೇಂಟ್ ಬಳಿದಿರೋ ಏಣಿ ಯಾರಾದ್ರೂ ಕೊಟ್ರೆ ಹತ್ತಬೇಡಿ, ಬಣ್ಣದ ಕೆಳಗೆ ಬಿರುಕು ಮುಚ್ಚಿಹೋಗಿರತ್ತೆ.

ಹೊಸ ಏಣಿ ಬಂದಿದೆ. ತಿಂಗಳಿಗೊಂದ್ಸಲ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸೈಡ್ ರೈಲಿಗೆ ಮಾತ್ರ ಕಾರಿಗೆ ಹಾಕೋ ಪೇಸ್ಟ್ ವ್ಯಾಕ್ಸ್ ತೆಳ್ಳಗೆ ಹಚ್ತೀವಿ, ಮೆಟ್ಟಿಲಿಗೆ ತಾಗಿದ್ರೆ ಜಾರತ್ತೆ ಹುಷಾರು. ವ್ಯಾಕ್ಸ್ ಇದ್ರೆ ನೀರು ಹರಡ್ಕೊಳ್ದೆ ಮಣಿ ಮಣಿಯಾಗಿ ನಿಲ್ಲತ್ತೆ, ಮಣಿ ನಿಲ್ಲೋದು ನಿಂತ ದಿನ ಮತ್ತೆ ಹಚ್ಬೇಕು ಅಂತ ಗೊತ್ತಾಗತ್ತೆ. ಬಿಸಿಲಲ್ಲಿ ಒರಗಿಸಿ ಇಡೋದು ನಿಂತಿದೆ, ಒಳಗೆ ಗೋಡೆಗೆ ಮೂರು ಕಡೆ ಆಸರೆ ಕೊಟ್ಟು ಅಡ್ಡ ಮಲಗಿಸ್ತೀವಿ. ಗಾಡಿ ಮೇಲೆ ರ‍್ಯಾಕಿಗೆ ಉಜ್ಜೋ ಜಾಗಕ್ಕೆ ಹಳೇ ಟ್ಯೂಬ್ ಸುತ್ತಿದೀವಿ, ಕುಲುಕಾಟಕ್ಕೆ ರಾಳ ಅಲ್ಲೂ ಸವೀತಿತ್ತು.

ಹಳೇದನ್ನ ಏನ್ ಮಾಡೋದು ಅಂತ ಹುಡುಗ ಕೇಳ್ದ, ಗುಜರಿಗೆ ಹಾಕೋಣ ಅಂದ. ಬರೀ ಎಳೆ ಎದ್ದಿದ್ದಿದ್ರೆ ಉಜ್ಜಿ, ಪಾರದರ್ಶಕ ಲ್ಯಾಕರ್ ಹಚ್ಚಿ ಉಳಿಸ್ಕೊಳ್ಬೋದಿತ್ತು, ಆದ್ರೆ ತಟ್ಟಿ ನೋಡಿದಾಗ ಎರಡನೇ ಮೆಟ್ಟಿಲ ಪಕ್ಕ ಡಬ್ ಅಂತು. ಹಾಗೇ ಇಟ್ರೆ ಯಾರೋ ಒಬ್ರು ಗಟ್ಟಿ ಇದೆಯಲ್ಲ ಅಂತ ಎತ್ಕೊಂಡು ಹೋಗಿ ಹತ್ತೇ ಹತ್ತುತಾರೆ. ಹಾಗಾಗಿ ಮಾಸ್ಕು, ಕನ್ನಡಕ, ಗ್ಲೌಸ್ ಹಾಕ್ಕೊಂಡು, ರೈಲನ್ನ ಒದ್ದೆ ಮಾಡಿ, ಧೂಳು ಏಳದಂಗೆ ಇಬ್ರೂ ಸೇರಿ ನಾಲ್ಕು ತುಂಡು ಮಾಡಿದ್ವಿ. ಕೊಯ್ದ ಬಾಯಲ್ಲಿ ನೋಡಿದ್ರೆ ರೈಲಿನ ಮಧ್ಯ ಕೂದಲೆಳೆ ಅಗಲದ ಒಂದು ಕಪ್ಪು ಗೆರೆ, ಪದರ ಬಿಟ್ಟ ಜಾಗಕ್ಕೆ ನೀರು ಕೊಳೆ ಇಳಿದು ಕೂತಿತ್ತು. ಆ ತುಂಡನ್ನ ಹುಡುಗ ಎಸೀಲಿಲ್ಲ, ಟೂಲ್ ರೂಮಲ್ಲಿ ಹೊಸ ಏಣಿ ಮಲಗಿಸೋ ಜಾಗದ ಮೇಲೇ ಮೊಳೆ ಹೊಡೆದು ನೇತಾಕಿದಾನೆ.