ಮೌಸ್ ಬಿಟ್ಟು ಕೋಡಿಂಗ್: ಈಗ ಓಡಾಟದ ಸರದಿ

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಮೌಸ್ ಮುಟ್ಟದೆ ಕೆಲಸ ಮಾಡುವ ಅಭ್ಯಾಸ ಮುಂದುವರಿದಿದೆ. ಸಾಲನ್ನು ಮೇಲೆ ಕೆಳಗೆ ಸರಿಸುವುದು (ಆಲ್ಟ್ ಜೊತೆ ಬಾಣದ ಕೀ), ಸಾಲು ಓಡದಂತೆ ಕಾಮೆಂಟ್ ಮಾಡುವುದು (ಕಂಟ್ರೋಲ್-ಸ್ಲ್ಯಾಶ್), ಸಾಲು ಅಳಿಸುವುದು (ಕಂಟ್ರೋಲ್-ಶಿಫ್ಟ್-ಕೆ) ಇವೆಲ್ಲ ಬೆರಳಿಗೆ ಹತ್ತಿವೆ. ಇಲ್ಲಿ ಬರೆದಿರುವ ಕೀಗಳೆಲ್ಲ ವಿಂಡೋಸ್‌ನವು.

ಈ ಸಲ ಹಿಡಿದಿದ್ದು ಫೈಲುಗಳ ನಡುವಿನ ಓಡಾಟ. ನಿಜವಾದ ಲಾಭ ಇರುವುದು ಇಲ್ಲೇ ಎಂದು ಈಗ ನನಗೆ ಖಾತ್ರಿಯಾಗಿದೆ. ನಾವು ಕೋಡ್ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಒಂದು ಫಂಕ್ಷನ್ ಎಲ್ಲಿದೆ ಎಂದು ಫೋಲ್ಡರ್ ಪಟ್ಟಿಯಲ್ಲಿ ಹುಡುಕುವಷ್ಟರಲ್ಲಿ ತಲೆಯಲ್ಲಿದ್ದ ಎಳೆ ಕಡಿದುಹೋಗುತ್ತದೆ. ಎಫ್12 ಒತ್ತಿದರೆ ನೇರ ಆ ಫಂಕ್ಷನ್ ಇರುವ ಜಾಗಕ್ಕೆ, ಆಲ್ಟ್ ಜೊತೆ ಎಡಬಾಣ ಒತ್ತಿದರೆ ಹೊರಟ ಜಾಗಕ್ಕೆ. ಈ ಜೋಡಿಯನ್ನು ಬೇರೆ ಬೇರೆಯಾಗಿ ಕಲಿಯಬಾರದು. ವಾಪಸ್ ಬರುವ ದಾರಿ ಗೊತ್ತಿದ್ದಾಗಲೇ ಮುಂದಕ್ಕೆ ಹೋಗಲು ಧೈರ್ಯ. ಕಂಟ್ರೋಲ್-ಪಿ ಒತ್ತಿ ಫೈಲ್ ಹೆಸರಿನ ನಾಲ್ಕು ಅಕ್ಷರ ಹಾಕಿದರೆ ಫೈಲ್ ಸಿಗುತ್ತದೆ. ಹೆಸರಿನ ಕೊನೆಗೆ ಕೋಲನ್ ಇಟ್ಟು 120 ಎಂದರೆ ಸೀದಾ 120ನೇ ಸಾಲಿಗೇ ಹೋಗುತ್ತದೆ. ಎರರ್ ಸಂದೇಶದಲ್ಲಿ ಸಾಲಿನ ಸಂಖ್ಯೆ ಕಂಡಾಗ ಇದು ತುಂಬಾ ಒದಗುತ್ತದೆ.

ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಕಂಟ್ರೋಲ್-ಡಿ ಮತ್ತು ಎಫ್2 ನಡುವಿನ ಆಯ್ಕೆ. ಒಂದೇ ಹೆಸರನ್ನು ಹಲವು ಕಡೆ ಬದಲಿಸಲು ಎರಡೂ ಆಗುತ್ತವೆ. ಆದರೆ ಕಂಟ್ರೋಲ್-ಡಿ ನೋಡುವುದು ಅಕ್ಷರಗಳನ್ನು ಮಾತ್ರ: ಒತ್ತಿದಂತೆಲ್ಲ ಅದೇ ಅಕ್ಷರಗಳಿರುವ ಮುಂದಿನ ಜಾಗವನ್ನೂ ಆಯ್ಕೆಗೆ ಸೇರಿಸುತ್ತದೆ. ಎಫ್2 ಕೋಡಿನ ಅರ್ಥ ನೋಡುತ್ತದೆ: ಬೇರೊಂದು ಫಂಕ್ಷನ್‌ನೊಳಗೆ ಅದೇ ಹೆಸರಿನ ಇನ್ನೊಂದು ವೇರಿಯೇಬಲ್ ಇದ್ದರೆ ಅದನ್ನು ಮುಟ್ಟುವುದಿಲ್ಲ, ಅದೇ ವೇರಿಯೇಬಲ್ ಬೇರೆ ಫೈಲಿನಲ್ಲಿ ಬಳಕೆಯಾಗಿದ್ದರೆ ಅಲ್ಲೂ ಬದಲಿಸುತ್ತದೆ. ಆ ಭಾಷೆಗೆ ಎಡಿಟರ್‌ನಲ್ಲಿ ಬೆಂಬಲ ಇರಬೇಕು, ಅಷ್ಟೇ. ಹಾಗಾಗಿ ಹೆಸರಿಗೆ ಎಫ್2, ಒಂದೇ ನಮೂನೆಯ ಸಾಲುಗಳನ್ನು ಒಟ್ಟಿಗೆ ತಿದ್ದಲು ಕಂಟ್ರೋಲ್-ಡಿ ಎಂದು ನಿಗದಿ ಮಾಡಿಕೊಂಡಿದ್ದೇನೆ. ಕಂಟ್ರೋಲ್-ಡಿ ಒತ್ತುತ್ತಾ ಒಂದು ಹೆಚ್ಚು ಆಯ್ಕೆಯಾದರೆ ಕಂಟ್ರೋಲ್-ಯು ಅದೊಂದನ್ನೇ ಬಿಡಿಸುತ್ತದೆ. ಇದನ್ನು ತಿಳಿದವರು ಕಡಿಮೆ, ತಿಳಿದರೆ ಬಹಳ ನೆಮ್ಮದಿ.

ಹೊಸ ಕೀಗಳನ್ನು ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿಲ್ಲ. ಕಂಟ್ರೋಲ್-ಶಿಫ್ಟ್-ಪಿ ಒತ್ತಿ ಬೇಕಾದ ಕೆಲಸದ ಹೆಸರು ಹುಡುಕುತ್ತೇನೆ; ಅದಕ್ಕೆ ಶಾರ್ಟ್‌ಕಟ್ ಇದ್ದರೆ ಪಕ್ಕದಲ್ಲೇ ಕಾಣುತ್ತದೆ. ಪದೇ ಪದೇ ಹುಡುಕಬೇಕಾಗಿ ಬಂದದ್ದು ಯಾವುದೋ ಅದನ್ನಷ್ಟೇ ಕಲಿಯುವುದು.

ಇನ್ನೂ ಬಗೆಹರಿಯಬೇಕಾದದ್ದು ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಆ ಆಜ್ಞೆಗಳನ್ನು ನಡೆಸುವ ಬ್ಯಾಶ್‌ನಲ್ಲಿ ಕಂಟ್ರೋಲ್-ಪಿ ಹಿಂದಿನ ಆಜ್ಞೆಯನ್ನು ತರುತ್ತದೆ, ಆದರೆ ವಿಎಸ್ ಕೋಡ್ ಒಳಗಿನ ಟರ್ಮಿನಲ್‌ನಲ್ಲಿ ಆ ಕೀಯನ್ನು ಎಡಿಟರ್ ತಾನೇ ಹಿಡಿದುಕೊಂಡು ಫೈಲ್ ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬ್ಯಾಶ್‌ಗೆ ಬಿಟ್ಟುಕೊಡಬಹುದು. ಸದ್ಯಕ್ಕೆ ಮೇಲ್ಬಾಣದಲ್ಲೇ ನಡೆಸುತ್ತಿದ್ದೇನೆ. ಕೋಡನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ತಪ್ಪು ಹುಡುಕುವ ಡಿಬಗರ್‌ನ ಎಫ್10, ಎಫ್11 ಕೈಗೆ ಕೂತ ಮೇಲೆ ಆ ಸೆಟ್ಟಿಂಗ್‌ಗೆ ಕೈಹಾಕುವುದು.