ಮಗ್ಗಿ ಹೇಳಿ ಮಲಗಿಸುವ ಪ್ರಯೋಗ: ನಾಲ್ಕು ವಾರಗಳ ದಿನಚರಿ

1ನೇ ದಿನ

ಹೆಂಡತಿಯ 26 ವಾರಗಳ ಹೆರಿಗೆ ರಜೆಯಲ್ಲಿ ಉಳಿದಿರುವುದು ಇನ್ನು ನಾಲ್ಕೇ ವಾರ. ಪುಟ್ಟಿಗೆ ನಾಲ್ಕು ತಿಂಗಳು ತುಂಬಿದೆ. ಇದುವರೆಗೆ ಹಗಲಿನಲ್ಲಿ ಅವಳು ನಿದ್ದೆ ಹೋದದ್ದೆಲ್ಲ ಹಾಲು ಕುಡಿಯುತ್ತಾ, ಅಮ್ಮನ ಮಡಿಲಿನಲ್ಲಿ. ನಾನು ಮನೆಯಿಂದಲೇ ಕೆಲಸ ಮಾಡುವವನು. ಅತ್ತೆಯವರಿಗೆ ಮಂಡಿನೋವು, ಮಗುವನ್ನು ಎತ್ತಿಕೊಂಡು ಓಡಾಡಲಾರರು. ಆದ್ದರಿಂದ ಮಲಗಿಸುವ ಹೊಣೆ ನನ್ನದು.

ಇಂದು ಐವತ್ತು ನಿಮಿಷ ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಸುತ್ತಿದೆ. ಮಲಗಿದಳು. ತೊಟ್ಟಿಲಿಗೆ ಇಳಿಸಿದೆ. ಬೆನ್ನು ಹಾಸಿಗೆಗೆ ತಾಗುತ್ತಲೇ ಎರಡೂ ಕೈಗಳನ್ನು ಥಟ್ಟನೆ ಚಾಚಿ ಎಚ್ಚರಗೊಂಡಳು. ಒಟ್ಟು ನಿದ್ದೆ ನಾಲ್ಕು ನಿಮಿಷ.

3ನೇ ದಿನ

ನಿನ್ನೆಯದೇ ಕಥೆ. ಬರೆಯುವಂಥದ್ದೇನೂ ಇಲ್ಲ.

4ನೇ ದಿನ

ಅತ್ತೆಯವರು ತಮ್ಮ ಹಳೆಯ ನೂಲಿನ ಸೀರೆಯನ್ನು ಕೊಂಡಿಗೆ ಕಟ್ಟಿ ಜೋಲಿ ಮಾಡಿದರು. ಆರು ನಿಮಿಷದಲ್ಲಿ ನಿದ್ದೆ! ಆದರೆ ಇಣುಕಿ ನೋಡಿದರೆ ಬೆನ್ನು ಬಿಲ್ಲಿನಂತೆ ಬಾಗಿ, ಗದ್ದ ಎದೆಗೆ ಒತ್ತಿಕೊಂಡಿತ್ತು. ಹಾಗಾದರೆ ಉಸಿರಾಟಕ್ಕೆ ತೊಂದರೆ. ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು, ದಿಂಬು ಬೇಡ ಎಂದು ಮಕ್ಕಳ ವೈದ್ಯರು ಮೊದಲೇ ಹೇಳಿದ್ದರು. "ಮೂರು ಮಕ್ಕಳನ್ನು ಜೋಲಿಯಲ್ಲೇ ಬೆಳೆಸಿದ್ದೇನೆ ಕಣಪ್ಪಾ" ಎಂದರು ಅತ್ತೆ. ಅವರಲ್ಲೊಬ್ಬಳು ನನ್ನ ಹೆಂಡತಿ. ವಾದಿಸಿ ಗೆಲ್ಲುವ ಜಾಗವಲ್ಲ ಅದು. ಕೊನೆಗೆ ರಾಜಿಯಾಯಿತು: ಜೋಲಿ ಎಚ್ಚರವಿದ್ದಾಗಿನ ಆಟಕ್ಕೆ, ಅದೂ ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಮಾತ್ರ, ನಿದ್ದೆಗೆ ತೊಟ್ಟಿಲು. ತಲೆ ದುಂಡಗಾಗಲೆಂದು ಇಟ್ಟಿದ್ದ ಸಾಸಿವೆ ದಿಂಬು ಕಪಾಟು ಸೇರಿತು. ಸಾಂಬ್ರಾಣಿ ಹೊಗೆ ದೇವರ ಮನೆಗೆ ಸೀಮಿತವಾಯಿತು. ಇದಕ್ಕೆ ಮಾತ್ರ ಅತ್ತೆ ಅರ್ಧ ದಿನ ಮುಖ ಊದಿಸಿಕೊಂಡಿದ್ದರು.

7ನೇ ದಿನ

ನನಗೆ ಒಂದು ಲಾಲಿ ಹಾಡೂ ಪೂರ್ತಿ ಬಾರದು. ಮೊದಲ ಸಾಲಿನ ನಂತರ ರಾಗ ಎತ್ತಲೋ ಹೋಗುತ್ತದೆ. ಪೂರ್ತಿ ಬಾಯಿಪಾಠವಿರುವುದು ಮಗ್ಗಿ ಒಂದೇ. ಎರಡರಿಂದ ಇಪ್ಪತ್ತರವರೆಗೆ, ಶಾಲೆಯಲ್ಲಿ ಹೇಳುತ್ತಿದ್ದ ಅದೇ ಎಳೆತದಲ್ಲಿ ಹೇಳಿದೆ. ಪುಟ್ಟಿ ನನ್ನ ಬಾಯಿಯನ್ನೇ ನೋಡುತ್ತಾ ಹದಿನೆಂಟರ ಮಗ್ಗಿಗೆ ಕಣ್ಣು ಮುಚ್ಚಿದಳು. ನಿಧಾನವಾಗಿ ಹೇಳಿದರೆ ಒಂದು ಮಗ್ಗಿಗೆ ಅರ್ಧ ನಿಮಿಷ. ಪರದೆ ಎಳೆದ ಕತ್ತಲೆ ಕೋಣೆಯಲ್ಲಿ ಮೊಬೈಲ್ ಬೆಳಗಿಸಿ ಗಡಿಯಾರ ನೋಡುವ ಕೆಲಸವೂ ತಪ್ಪಿತು.

11ನೇ ದಿನ

ವಾರವಿಡೀ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ, ಎದ್ದದ್ದೆಷ್ಟು ಹೊತ್ತಿಗೆ, ಮಲಗಿಸಲು ಹೊರಟದ್ದೆಷ್ಟು ಹೊತ್ತಿಗೆ ಎಂದು ಬರೆದಿಟ್ಟಿದ್ದೆ. ಇಂದು ಓದಿ ನೋಡಿದಾಗ ನನ್ನ ತಪ್ಪು ತಿಳಿಯಿತು. ಅವಳು ಕಣ್ಣುಜ್ಜಿ ಅಳಲು ತೊಡಗಿದ ಮೇಲೆ ನಾನು ಎತ್ತಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ದಣಿವು ಹೆಚ್ಚಾದಷ್ಟೂ ಮಗುವಿಗೆ ನಿದ್ದೆ ದೂರ. ದೊಡ್ಡವರ ಲೆಕ್ಕ ಇಲ್ಲಿ ತಲೆಕೆಳಗು.

ಎದ್ದು ಒಂದು ಗಂಟೆ ಇಪ್ಪತ್ತು ನಿಮಿಷವಾಗುವಾಗ ಗಿಲಕಿ ಅಲ್ಲಾಡಿಸಿದರೂ ತಿರುಗುವುದಿಲ್ಲ. ನೋಟ ಗೋಡೆಯ ಕ್ಯಾಲೆಂಡರಿನಲ್ಲಿ ನೆಟ್ಟಿರುತ್ತದೆ. ಹುಬ್ಬಿನ ಕೂದಲಿನ ಕೆಳಗೆ ಚರ್ಮ ತೆಳುವಾಗಿ ಕೆಂಪೇರುತ್ತದೆ. ಆಕಳಿಕೆ ಬರುವುದು ಇದಾದ ಹತ್ತು ನಿಮಿಷಕ್ಕೆ. ನಾನು ಹೊರಡಬೇಕಾದದ್ದು ಆ ಕೆಂಪಿಗೆ.

12ನೇ ದಿನ

ಕೆಂಪು ಕಂಡೊಡನೆ ಕೋಣೆಗೆ ಹೋದೆವು. ಹದಿಮೂರರ ಮಗ್ಗಿ!

15ನೇ ದಿನ

ಇಳಿಸುವ ಕ್ರಮ ಕೈಗೆ ಹತ್ತಿತು. ಮೊದಲು ಕಾಲು, ಆಮೇಲೆ ಕುಂಡೆ, ಕೊನೆಗೆ ತಲೆ. ನನ್ನ ಎದೆ ಅವಳ ಎದೆಯಿಂದ ಕೊನೆಯವರೆಗೂ ದೂರವಾಗಬಾರದು. ತೊಟ್ಟಿಲಿನ ಮೇಲೆ ಬಗ್ಗಿದ ನನ್ನ ಸೊಂಟದ ಗತಿ ಬೇರೆ ಮಾತು. ಕೈ ಚಾಚಿ ಬೆಚ್ಚುವುದು ಈ ವಯಸ್ಸಿನಲ್ಲಿ ಸಹಜ, ನಾಲ್ಕರಿಂದ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಅವಳ ಎರಡೂ ಮುಷ್ಟಿಗಳನ್ನು ಎದೆಯ ಮೇಲೆ ಕೂಡಿಸಿ ಅಂಗೈಯನ್ನು ಹಗುರವಾಗಿ ಇಟ್ಟಿರುತ್ತೇನೆ. ಮಗ್ಗುಲಾಗಲು ಕಲಿಯುತ್ತಿರುವುದರಿಂದ ಬಟ್ಟೆ ಸುತ್ತಿ ಮಲಗಿಸುವುದನ್ನು ಬಿಟ್ಟಿದ್ದೇವೆ.

18ನೇ ದಿನ

ಕರೆಂಟ್ ಹೋಯಿತು. ಫ್ಯಾನಿನ ಸದ್ದು ನಿಂತದ್ದೇ ಕಣ್ಣು ಬಿಟ್ಟಳು. ಇಪ್ಪತ್ತರವರೆಗೆ ಹೇಳಿ ಮತ್ತೆ ಎರಡಕ್ಕೆ ಬಂದೆ. ಸೋಲು.

21ನೇ ದಿನ

ನಿದ್ದೆ ನಲವತ್ತು ನಿಮಿಷಕ್ಕೆ ಕತ್ತರಿಸಿದಂತೆ ಮುಗಿಯುತ್ತದೆ. ಶಿಶುಗಳ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಅಷ್ಟೇ. ಮೂವತ್ತೈದನೇ ನಿಮಿಷಕ್ಕೆ ಪಕ್ಕದಲ್ಲಿ ಕುಳಿತು, ಕದಲಿದಾಗ ಎದೆಯ ಮೇಲೆ ಕೈಯಿಡುತ್ತೇನೆ. ಮೂರರಲ್ಲಿ ಒಂದು ಸಲ ಮುಂದುವರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 4ರಿಂದ 11 ತಿಂಗಳ ಮಕ್ಕಳಿಗೆ ಹಗಲೂ ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ನಮ್ಮದು ಹದಿಮೂರರ ಆಸುಪಾಸು. ಸಂಜೆಯ ಕಿರುನಿದ್ದೆ ಮಾತ್ರ ಇನ್ನೂ ನನ್ನ ಹೆಗಲ ಮೇಲೆಯೇ.

29ನೇ ದಿನ

ಹೆಂಡತಿ ಕಚೇರಿಗೆ ಹೋದ ಮೊದಲ ದಿನ. ಹತ್ತೂವರೆಗೆ ಹುಬ್ಬು ಕೆಂಪಾಯಿತು. ಮಗ್ಗಿ ಶುರು ಮಾಡಿದೆ. ಕಿಸೆಯಲ್ಲಿ ಮೊಬೈಲ್ ನಡುಗಿತು, ಅವಳೇ ಇರಬೇಕು. ಎತ್ತಲಿಲ್ಲ. "ಒಂಬತ್ತಾರಲ ಐವತ್ತನಾಲ್ಕು" ಎಂದು ನಿಲ್ಲಿಸಿದೆ. ಮುಷ್ಟಿ ಸಡಿಲವಾಗಿತ್ತು. "ಒಂಬತ್ತಕ್ಕೇ ಮಲಗಿದಳು" ಎಂದು ಸಂದೇಶ ಕಳಿಸಿ ಹೊರಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ, ಕೂಗಲು ಹೊರಟಿದ್ದ ಕುಕ್ಕರಿನ ಉರಿ ಆರಿಸಿ ನಿಂತಿದ್ದರು. "ಹತ್ತರ ಮಗ್ಗಿ ಕೇಳಿಸಲಿಲ್ಲ, ಅದಕ್ಕೇ" ಎಂದರು, ಪಿಸುದನಿಯಲ್ಲಿ.